ಹಿಂದಕ್ಕೆ ಎಣಿಸುವ ವಾರಗಳು

ಸೆಪ್ಟೆಂಬರ್ 3ರ ಬೆಳಿಗ್ಗೆ ಡಾಕ್ಟರ್ ನನ್ನ ಫೈಲಿನ ಮೊದಲ ಪುಟದಲ್ಲಿ ‘5 ವಾರ’ ಎಂದು ಬರೆದರು. ಎಲ್ಲೋ ಲೆಕ್ಕ ತಪ್ಪಿದೆ ಅನ್ನಿಸಿತು. ನಾನು ಪ್ರವಾಸ ಮುಗಿಸಿ ಬೆಂಗಳೂರಿಗೆ ಬಂದೇ ಮೂರು ವಾರದ ಮೇಲೆ ಎರಡು ದಿನ ಆಗಿತ್ತು. ಹೊರಡುವಾಗ ಮುಟ್ಟಾಗಿದ್ದೆ. ‘ಐದು ಹೇಗಾಗುತ್ತೆ ಮೇಡಂ?’ ಅಂದೆ. ಗರ್ಭ ಕಟ್ಟಿದ ದಿನ ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ, ಹಾಗಾಗಿ ಕೊನೆಯ ಮುಟ್ಟಿನ ಮೊದಲ ದಿನದಿಂದಲೇ ಎಣಿಸುವುದು ಪದ್ಧತಿ ಎಂದು ಅವರು ವಿವರಿಸಿದರು. ಅಂದರೆ ಎಲ್ಲ ಬಸುರಿಯರ ಲೆಕ್ಕದಲ್ಲೂ ಮೊದಲ ಎರಡು ವಾರ ಗರ್ಭವೇ ಇರುವುದಿಲ್ಲ. ಕಾಗದದ ಮೇಲೆ ಮಾತ್ರ ಇರುತ್ತದೆ.

‘ಈ ಐದು ವಾರದಲ್ಲಿ ಎಲ್ಲಾದರೂ ಹೊರಗೆ ಹೋಗಿದ್ದಿರಾ?’ ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

‘ಬ್ರೆಜಿಲ್‌ಗೆ. ರೆಸಿಫೆ ಅಂತ ಒಂದು ಊರು.’

ಬರೆಯುತ್ತಿದ್ದ ಪೆನ್ನು ನಿಂತಿತು.

ರೆಸಿಫೆಗೆ ನಾನು ಹೋಗಿದ್ದು ಬರದ ಬಗ್ಗೆ ಮಾತಾಡಲು. ನನ್ನ ಪಿಎಚ್.ಡಿ. 1876–78ರ ಕ್ಷಾಮದ ಮೇಲೆ. ನಮ್ಮ ಕಡೆ ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದರಲ್ಲ, ಅದೇ. ಬಳ್ಳಾರಿ ಸೀಮೆಯಲ್ಲಿ ಜನ ಗುಳೆ ಹೊರಟು ದಾರಿಯಲ್ಲೇ ಸಾಯುತ್ತಿದ್ದ ಕಾಲಕ್ಕೆ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲೂ ಮಳೆ ಕೈಕೊಟ್ಟಿತ್ತು. ಅಲ್ಲಿನವರು ಅದನ್ನು ‘ಗ್ರಾಂಜಿ ಸೆಕಾ’, ದೊಡ್ಡ ಬರ, ಎಂದು ಕರೆಯುತ್ತಾರೆ. ಎರಡರ ಹಿಂದೆಯೂ ಒಂದೇ ಎಲ್ ನಿನೊ ಇತ್ತು ಎಂದು ಇತಿಹಾಸಕಾರರು ಹೇಳುತ್ತಾರೆ. ಭೂಮಿಯ ಎರಡು ತುದಿಗಳಲ್ಲಿದ್ದ, ಒಬ್ಬರ ಹೆಸರು ಇನ್ನೊಬ್ಬರು ಕೇಳಿರದ ಜನ ಒಂದೇ ಸಮುದ್ರದ ಬಿಸಿಗೆ ಸತ್ತಿದ್ದರು. ಈ ವಿಷಯದ ಮೇಲೆ ಆಗಸ್ಟ್ ಮೊದಲ ವಾರ ಅಲ್ಲೊಂದು ಸಮಾವೇಶವಿತ್ತು. ನನ್ನ ಪ್ರಬಂಧ ಆಯ್ಕೆಯಾಗಿತ್ತು. ಮೊದಲ ಬಾರಿ ದೇಶ ಬಿಟ್ಟು ಹೊರಟೆ.

ಹೊರಡುವ ಮೊದಲು ಹಳದಿ ಜ್ವರದ ಲಸಿಕೆ ಕಡ್ಡಾಯ. ಇಲ್ಲದಿದ್ದರೆ ಬ್ರೆಜಿಲ್‌ನಿಂದ ವಾಪಸು ಬಂದಾಗ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇಡಬಹುದು. ಜೂನ್‌ನಲ್ಲಿ ಹಾಕಿಸಿಕೊಂಡೆ. ಗರ್ಭಿಣಿಯೇ ಎಂದು ಕೇಳಿದರು, ಇಲ್ಲ ಅಂದೆ. ಅದು ನಿಜವೇ ಆಗಿತ್ತು. ಸಮಾವೇಶದವರು ಕಳಿಸಿದ್ದ ಆರೋಗ್ಯ ಸೂಚನೆಯ ಹಾಳೆಯಲ್ಲಿ ಹಳದಿ ಜ್ವರದ ಕೆಳಗೆ ಝಿಕಾ ಬಗ್ಗೆಯೂ ಒಂದು ಪ್ಯಾರಾ ಇತ್ತು. ಅದರ ಮೇಲೆ ಕಣ್ಣಾಡಿಸಿದ್ದು ನೆನಪಿದೆ. ಮಗುವಿನ ಯೋಚನೆಯಲ್ಲಿ ಇರುವವರಿಗೆ ಅಂತ ಶುರುವಾಗಿತ್ತು. ನಾನು ಆ ಯೋಚನೆಯಲ್ಲಿ ಇರಲಿಲ್ಲ. ಮುಂದಿನ ಪ್ಯಾರಾಕ್ಕೆ ಹೋದೆ.

ಅದನ್ನು ಪೂರ್ತಿ ಓದಿದ್ದು ಸೆಪ್ಟೆಂಬರ್ 3ರ ಮಧ್ಯಾಹ್ನ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಝಿಕಾ ಇರುವ ಪ್ರದೇಶದಿಂದ ಬಂದ ಹೆಂಗಸು ಗರ್ಭ ಧರಿಸುವ ಮುನ್ನ ಎರಡು ತಿಂಗಳು ಕಾಯಬೇಕು, ಗಂಡಸಾದರೆ ಮೂರು ತಿಂಗಳು. ನಾನು ಕಾದಿದ್ದು ಎರಡು ದಿನ.

ಝಿಕಾ ವೈರಸ್ ಮೊದಲು ಸಿಕ್ಕಿದ್ದು 1947ರಲ್ಲಿ, ಉಗಾಂಡಾದ ಝಿಕಾ ಎಂಬ ಕಾಡಿನಲ್ಲಿ. ಹಳದಿ ಜ್ವರವನ್ನು ಹುಡುಕಲು ಪಂಜರದಲ್ಲಿ ಇಟ್ಟಿದ್ದ ಒಂದು ಕೋತಿಯ ರಕ್ತದಲ್ಲಿ. ಆಮೇಲೆ ಹಲವು ದಶಕ ಅದು ಯಾರನ್ನೂ ಅಷ್ಟಾಗಿ ಹೆದರಿಸಲಿಲ್ಲ. ಸ್ವಲ್ಪ ಜ್ವರ, ಮೈಮೇಲೆ ಗಂಧೆ, ಕೀಲುನೋವು, ಕೆಂಪು ಕಣ್ಣು, ವಾರದಲ್ಲಿ ಗುಣ. ಸೋಂಕು ತಗುಲಿದ ಬಹುತೇಕರಿಗೆ ಇಷ್ಟೂ ಆಗುವುದಿಲ್ಲ. 2015ರಲ್ಲಿ ರೆಸಿಫೆಯ ಆಸ್ಪತ್ರೆಗಳಲ್ಲಿ ತಲೆ ತೀರಾ ಸಣ್ಣದಾಗಿದ್ದ ಶಿಶುಗಳು ಒಂದಾದ ಮೇಲೊಂದು ಹುಟ್ಟತೊಡಗಿದಾಗ ಅಲ್ಲಿನ ವೈದ್ಯರಿಗೆ ಅನುಮಾನ ಬಂತು. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಪರಿಸ್ಥಿತಿ ಘೋಷಿಸಿತು. ಗರ್ಭಿಣಿಗೆ ಸೋಂಕು ತಗುಲಿದರೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ತೊಂದರೆ ಕಾಣಿಸಬಹುದು ಎಂಬುದು ಅದೇ ಸಂಸ್ಥೆ ಈಗ ಕೊಡುವ ಅಂದಾಜು. ಲಸಿಕೆ ಇಲ್ಲ, ಔಷಧಿ ಇಲ್ಲ. ಇಷ್ಟೆಲ್ಲ ಶುರುವಾಗಿ ಜಗತ್ತಿಗೆ ಗೊತ್ತಾದ ಊರಿಗೇ ನಾನು ಹೋಗಿ ಬಂದಿದ್ದೆ.

‘ಟೆಸ್ಟ್ ಮಾಡಿಸೋಣವಾ?’ ಎಂದು ಡಾಕ್ಟರನ್ನು ಕೇಳಿದ್ದೆ. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ವೈರಸ್ ರಕ್ತದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ, ಈಗ ಸಿಗದಿದ್ದರೆ ಆಗ ಇರಲಿಲ್ಲ ಎಂದು ಅರ್ಥವಲ್ಲ. ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಡೆಂಗಿಯನ್ನೂ ಝಿಕಾವನ್ನೂ ಸರಿಯಾಗಿ ಬೇರೆ ಮಾಡುವುದಿಲ್ಲ, ನನಗೆ ಡಿಗ್ರಿ ಓದುವಾಗ ಡೆಂಗಿ ಬಂದು ಹೋಗಿದೆ. ಲಕ್ಷಣಗಳೇ ಇಲ್ಲದವರಿಗೆ ಪರೀಕ್ಷೆಯಿಂದ ಉತ್ತರಕ್ಕಿಂತ ಗೊಂದಲವೇ ಹೆಚ್ಚು. ‘ಸ್ಕ್ಯಾನ್ ಮಾಡ್ತಾ ಹೋಗೋಣ. 2015ರ ಥರ ಈಗ ಅಲ್ಲಿ ಇಲ್ಲ. ನಿಮಗೆ ತಗುಲಿರೋ ಸಾಧ್ಯತೆ ಕಮ್ಮಿ, ತಗುಲಿದ್ರೂ ಮಗುಗೆ ಏನೂ ಆಗದೆ ಇರೋ ಸಾಧ್ಯತೆಯೇ ಹೆಚ್ಚು. ಇದಕ್ಕಿಂತ ಜಾಸ್ತಿ ನಾನೂ ಹೇಳಲಾರೆ.’

ಕಮ್ಮಿಯ ಒಳಗಿನ ಕಮ್ಮಿ. ಲೆಕ್ಕ ಗೊತ್ತಿರುವವರಿಗೆ ಇದು ನೆಮ್ಮದಿಯ ಮಾತು. ಆದರೆ ನೂರರ ಲೆಕ್ಕ ನೂರು ಮಕ್ಕಳಿಗೆ ಹೊಂದುತ್ತದೆ. ನನ್ನೊಳಗೆ ಇರುವುದು ಒಂದು.

ಆ ರಾತ್ರಿಯಿಂದ ನಾನು ತನಿಖಾಧಿಕಾರಿಯಾದೆ. ಫೋನಿನಲ್ಲಿದ್ದ ರೆಸಿಫೆಯ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಯಾವ ದಿನ ತುಂಬುತೋಳು ಹಾಕಿದ್ದೆ, ಯಾವ ದಿನ ಇಲ್ಲ. ನದಿ ದಡದಲ್ಲಿ ಕೂತ ಒಂದು ಫೋಟೋದಲ್ಲಿ ಪಾದದ ಗಂಟಿನ ಹತ್ತಿರ ಕೆಂಪು ಚುಕ್ಕೆ. ಚಪ್ಪಲಿ ಕಚ್ಚಿದ್ದೋ, ಸೊಳ್ಳೆ ಕಚ್ಚಿದ್ದೋ? ವಾಪಸು ಬಂದ ಮರುದಿನ ಮೈಕೈ ನೋವಿತ್ತು. ಮೂವತ್ತು ಗಂಟೆಯ ಪ್ರಯಾಣ ಮಾಡಿದವರಿಗೆ ಮೈಕೈ ನೋವು ಬರದೆ ಇರುತ್ತದೆಯೇ? ಆದರೆ ತನಿಖೆಗೆ ಕೂತವಳಿಗೆ ಅದೂ ಸಾಕ್ಷಿ. ಹಳೆಯ ಕಡತಗಳಲ್ಲಿ ಸತ್ತವರನ್ನು ಹುಡುಕುವುದು ನನ್ನ ಕಸುಬು. ಅದೇ ಕಸುಬನ್ನು ನನ್ನ ಮೇಲೆ ತಿರುಗಿಸಿಕೊಂಡೆ. ವ್ಯತ್ಯಾಸವೆಂದರೆ ಇಲ್ಲಿ ತೀರ್ಪು ಮೊದಲೇ ಬರೆದಾಗಿತ್ತು, ದಾಖಲೆ ಹುಡುಕುವುದಷ್ಟೇ ಬಾಕಿ.

ಸೆಪ್ಟೆಂಬರ್ 7ರಂದು ಚಂದ್ರಗ್ರಹಣವಿತ್ತು. ಸಂಜೆಯೇ ಊರಿನಿಂದ ಅವ್ವನ ಫೋನು ಬಂತು. ‘ಗ್ರಹಣ ಐತಿ, ಹೊರಗ ಹೋಗಬ್ಯಾಡ. ಈಳಿಗಿ, ಚಾಕು, ಕತ್ತರಿ ಯಾವೂ ಮುಟ್ಟಬ್ಯಾಡ.’ ಗ್ರಹಣದ ಹೊತ್ತಿನಲ್ಲಿ ಬಸುರಿ ಏನಾದರೂ ಹೆಚ್ಚಿದರೆ ಮಗುವಿನ ತುಟಿ ಸೀಳಿ ಹುಟ್ಟುತ್ತದೆ ಎನ್ನುವ ನಂಬಿಕೆ. ಇಂಥವನ್ನು ಕೇಳಿ ನಾನು ಯಾವಾಗಲೂ ಸಿಟ್ಟಾದವಳು. ಎಲ್ಲೋ ಆಕಾಶದಲ್ಲಿ ನೆರಳು ಬಿದ್ದರೆ ಅದರ ಹೊಣೆ ಅಡುಗೆಮನೆಯಲ್ಲಿರುವ ಹೆಂಗಸಿಗೆ ಯಾಕೆ? ಮಗುವಿಗೆ ಏನಾದರೂ ಆದರೆ ‘ನೀನೇ ಏನೋ ಮಾಡಿರಬೇಕು’ ಎಂದು ಊರು ತಾಯಿಯ ಕಡೆ ಬೆರಳು ತೋರಿಸಲು ಮೊದಲೇ ಮಾಡಿಟ್ಟ ಏರ್ಪಾಡು ಅದು ಎಂದು ಹಾಸ್ಟೆಲಿನಲ್ಲಿ ಭಾಷಣ ಮಾಡಿದ್ದೆ.

ಅವತ್ತು ರಾತ್ರಿ ಚಂದ್ರ ಕೆಂಪಗಾಗುವುದನ್ನು ಗಂಡ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದ. ನಾನು ಒಳಗೆ ಫೋಟೋದ ಕೆಂಪು ಚುಕ್ಕೆ ನೋಡುತ್ತಿದ್ದೆ. ಹಾಗೆ ಕೂತಿದ್ದಾಗ ಹೊಳೆಯಿತು, ನಾನು ಮಾಡುತ್ತಿರುವುದೂ ಗ್ರಹಣದ ಲೆಕ್ಕವೇ. ಸೊಳ್ಳೆ ನಿಜ, ವೈರಸ್ ನಿಜ, ಗ್ರಹಣದ ತುಟಿ ಸುಳ್ಳು. ಆ ವ್ಯತ್ಯಾಸ ಸಣ್ಣದಲ್ಲ. ಆದರೆ ಅಪಾಯ ನಿಜವಾಗಿದ್ದ ಮಾತ್ರಕ್ಕೆ ಆರೋಪವೂ ನಿಜವಾಗಬೇಕಿಲ್ಲ. ನಾನು ಅವ್ವನ ನಂಬಿಕೆಯಿಂದ ಕತ್ತಿಯನ್ನು ತೆಗೆದು ಸೊಳ್ಳೆಯನ್ನು ಇಟ್ಟಿದ್ದೆ. ಕಟಕಟೆಯಲ್ಲಿ ನಿಂತವಳು ಬದಲಾಗಿರಲಿಲ್ಲ.

ಬರ್ನಾರ್ಡ್ ವಿಲಿಯಮ್ಸ್ ಎಂಬ ಬ್ರಿಟಿಷ್ ತತ್ವಜ್ಞಾನಿ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಒಬ್ಬ ಲಾರಿ ಡ್ರೈವರ್ ಬರುತ್ತಾನೆ. ಅವನ ತಪ್ಪು ಏನೂ ಇಲ್ಲದೆ ಒಂದು ಮಗು ಲಾರಿಗೆ ಅಡ್ಡ ಬಂದು ಸಾಯುತ್ತದೆ. ಅಲ್ಲಿದ್ದವರಿಗೂ ದುಃಖವಾಗುತ್ತದೆ, ಆದರೆ ಡ್ರೈವರನಿಗೆ ಆಗುವ ಸಂಕಟದ ಬಗೆಯೇ ಬೇರೆ. ನಾವು ‘ನಿನ್ನ ತಪ್ಪಿಲ್ಲ’ ಎಂದು ಅವನನ್ನು ಸಮಾಧಾನ ಮಾಡುತ್ತೇವೆ, ಮಾಡಬೇಕು ಕೂಡ. ಆದರೆ ಅವನು ಆ ಸಮಾಧಾನವನ್ನು ತಟ್ಟನೆ ಒಪ್ಪಿಕೊಂಡು ಎದ್ದುಹೋದರೆ ಅವನ ಬಗ್ಗೆ ನಮಗೇ ಏನೋ ಅನುಮಾನ ಬರುತ್ತದೆ. ತಪ್ಪಿಲ್ಲದಿದ್ದರೂ ನನ್ನ ಕೈಯಿಂದ ಆಯಿತು ಎನ್ನುವ ಈ ನೋವಿಗೆ ವಿಲಿಯಮ್ಸ್ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ‘ಮಾಡಿದವರ ಪರಿತಾಪ’ ಎನ್ನಬಹುದು. ಅದು ಅಪರಾಧಿ ಭಾವ ಅಲ್ಲ. ಅಪರಾಧಿಗೆ ಶಿಕ್ಷೆ ಬೇಕು. ಪರಿತಾಪ ಪಡುವವನಿಗೆ ಆಗಿದ್ದನ್ನು ತನ್ನ ಬದುಕಿನ ಭಾಗವೆಂದು ಒಪ್ಪಿಕೊಳ್ಳಬೇಕು, ಅಷ್ಟೆ.

ಎಂ.ಎ. ತರಗತಿಯಲ್ಲಿ ಇದನ್ನು ಪರೀಕ್ಷೆಗೆಂದು ಓದಿದ್ದೆ. ಈಗ ಓದಿದಾಗ ನನ್ನ ಸ್ಥಿತಿ ಡ್ರೈವರನಿಗಿಂತ ವಿಚಿತ್ರವಾಗಿದೆ ಅನ್ನಿಸಿತು. ಅವನ ಎದುರು ಆಗಿಹೋದದ್ದು ಒಂದಿದೆ. ನನ್ನ ಎದುರು ಏನೂ ಆಗಿಲ್ಲ, ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ನಾನು ಶಿಕ್ಷೆಯನ್ನು ಮುಂಗಡವಾಗಿ ಕಟ್ಟುತ್ತಿದ್ದೆ. ಯಾಕೆ?

ಬಹಳ ದಿನ ಯೋಚಿಸಿದ ಮೇಲೆ ನನಗೆ ಸಿಕ್ಕ ಉತ್ತರ ಹೇಳಿಕೊಳ್ಳಲು ಅಷ್ಟೇನೂ ಚೆನ್ನಾಗಿಲ್ಲ. ತಪ್ಪು ನನ್ನದು ಅಂದುಕೊಂಡರೆ ಒಂದು ಅನುಕೂಲವಿದೆ. ಎಲ್ಲವೂ ನನ್ನ ಕೈಯಲ್ಲಿತ್ತು ಎಂದಾಗುತ್ತದೆ. ನಾನು ಹೋಗದೆ ಇದ್ದಿದ್ದರೆ, ಕಾಲುಚೀಲ ಹಾಕಿದ್ದಿದ್ದರೆ, ಆ ಪ್ಯಾರಾ ಓದಿದ್ದಿದ್ದರೆ. ಈ ‘ದ್ದರೆ’ಗಳ ಜಗತ್ತಿನಲ್ಲಿ ಎಚ್ಚರದ ತಾಯಿಯ ಮಗುವಿಗೆ ಏನೂ ಆಗುವುದಿಲ್ಲ. ಆಕಸ್ಮಿಕಕ್ಕೆ ಅಲ್ಲಿ ಜಾಗವಿಲ್ಲ. ಒಂದು ಸೊಳ್ಳೆ, ಯಾವ ದ್ವೇಷವೂ ಇಲ್ಲದೆ, ತನ್ನ ಮೊಟ್ಟೆಗೆ ರಕ್ತ ಬೇಕೆಂದು ಬಂದು ನನ್ನ ಮಗುವಿನ ಬದುಕನ್ನು ಬದಲಿಸಬಲ್ಲದು ಎಂದು ಒಪ್ಪುವುದಕ್ಕಿಂತ ‘ನಾನು ಪಾಪಿ’ ಎಂದು ಒಪ್ಪುವುದು ಸುಲಭ. ಅಪರಾಧಿ ಭಾವ ಎಷ್ಟೇ ಭಾರವಾಗಿದ್ದರೂ ಆಕಸ್ಮಿಕಕ್ಕಿಂತ ಹಗುರ. ವಿನಯದ ಹಾಗೆ ಕಾಣುವ ಅದರೊಳಗೆ ಒಂದು ಅಹಂಕಾರ ಅಡಗಿದೆ.

ಇದಕ್ಕಿಂತ ಕೆಟ್ಟದ್ದನ್ನೂ ಆ ದಿನಗಳಲ್ಲಿ ಮಾಡಿದೆ. ರೆಸಿಫೆಯಲ್ಲಿ ಒಂದು ಸಂಜೆ ಬಸ್ಸಿನಲ್ಲಿ ಗಾಲಿಕುರ್ಚಿಯಲ್ಲಿದ್ದ ಒಬ್ಬ ಹುಡುಗನನ್ನು ನೋಡಿದ್ದೆ. ಹತ್ತು ವರ್ಷ ಇರಬಹುದು. ಅವನ ತಾಯಿ ಅವನ ಕಿವಿಯ ಹತ್ತಿರ ಬಗ್ಗಿ ಏನೋ ಹಾಡುತ್ತಿದ್ದಳು. ಬಸ್ಸು ತಿರುಗಿದಾಗಲೆಲ್ಲ ಅವನು ಜೋರಾಗಿ ನಗುತ್ತಿದ್ದ. ಅವನ ನಗು ಕೇಳಿ ನಾನೂ ನಕ್ಕಿದ್ದೆ. ಅವತ್ತಿಗೆ ಅದು ಅಷ್ಟೇ ಆಗಿತ್ತು. ಸೆಪ್ಟೆಂಬರ್ 3ರ ನಂತರ ಅದೇ ಹುಡುಗ ನನ್ನ ನಿದ್ದೆಗೆ ಬಂದ, ಅಪಶಕುನದ ಹಾಗೆ. ಅವನಿಗೆ ಏನಾಗಿತ್ತೆಂದೇ ನನಗೆ ಗೊತ್ತಿಲ್ಲ. ಆದರೂ ಅವನನ್ನು ನನ್ನ ಭಯದ ಚಿತ್ರ ಮಾಡಿಕೊಂಡೆ. ಅವನ ನಗು ಎಲ್ಲೋ ಹೋಯಿತು, ಕುರ್ಚಿ ಮಾತ್ರ ಉಳಿಯಿತು.

ಮಗು ಆರೋಗ್ಯವಾಗಿರಲಿ ಎಂದು ಬಯಸುವುದರಲ್ಲಿ ತಪ್ಪಿಲ್ಲ. ಆ ಬಸ್ಸಿನ ತಾಯಿಯೂ ಅದನ್ನೇ ಬಯಸಿರುತ್ತಾಳೆ. ಆದರೆ ಆ ಬಯಕೆ ಒಂದು ಹೆಜ್ಜೆ ಜಾರಿದರೆ ಬದುಕಿರುವ ಒಬ್ಬ ಹುಡುಗ ‘ಆಗಬಾರದ್ದು’ ಆಗಿಬಿಡುತ್ತಾನೆ. ರೆಸಿಫೆಯಲ್ಲಿ ಝಿಕಾದ ಮಕ್ಕಳ ತಾಯಂದಿರೇ ಕಟ್ಟಿಕೊಂಡ ಒಂದು ಸಂಘವಿದೆ. ಅದರ ಹೆಸರಿನ ಅರ್ಥ ‘ದೇವದೂತರ ತಾಯಂದಿರ ಒಕ್ಕೂಟ’. ಅವರು ಪರಿಹಾರಕ್ಕಾಗಿ, ಫಿಸಿಯೋಥೆರಪಿಗಾಗಿ, ಬಸ್ಸಿಗಾಗಿ, ಶಾಲೆಗಾಗಿ ವರ್ಷಗಟ್ಟಲೆ ಓಡಾಡಿದವರು. 2025ರಲ್ಲಿ, ಸುಮಾರು ಹತ್ತು ವರ್ಷದ ನಂತರ, ಈ ಮಕ್ಕಳಿಗೆ 50 ಸಾವಿರ ರಿಯಲ್ ಪರಿಹಾರ ಮತ್ತು ತಿಂಗಳ ಪಿಂಚಣಿ ಕೊಡುವ ಕಾನೂನು ಬ್ರೆಜಿಲ್‌ನಲ್ಲಿ ಬಂತು. ಆ ತಾಯಂದಿರು ‘ನಾನು ಏನು ತಪ್ಪು ಮಾಡಿದೆ’ ಎಂದು ಕೇಳಿಕೊಳ್ಳದೆ ಇದ್ದಿರಲಾರರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ‘ನಮಗೆ ಬರಬೇಕಾದ್ದು ಏನು’ ಎಂದೂ ಕೇಳಿದರು.

ಅವರ ಜೊತೆ ನನ್ನನ್ನು ಹೋಲಿಸಿಕೊಂಡಾಗ ಇನ್ನೊಂದು ವಿಷಯ ಕಾಣಿಸಿತು. ನನಗೆ ‘ಹೋಗಬಾರದಿತ್ತು’ ಎನ್ನಲು ಒಂದು ಪ್ರವಾಸವಿದೆ. ಅಲ್ಲೇ ಹುಟ್ಟಿ, ಅಲ್ಲೇ ಬಸುರಾದವಳು ಏನನ್ನಬೇಕು? ಝಿಕಾದ ಪೆಟ್ಟು ಹೆಚ್ಚು ಬಿದ್ದದ್ದು ಬಡವರಿಗೆ, ನಲ್ಲಿಯಲ್ಲಿ ದಿನಾ ನೀರು ಬರದೆ ಡ್ರಮ್ಮು, ಬಕೆಟ್ಟುಗಳಲ್ಲಿ ತುಂಬಿಡುವ ಮನೆಗಳಿಗೆ. ಈಡಿಸ್ ಸೊಳ್ಳೆಗೆ ಮೊಟ್ಟೆಯಿಡಲು ಅಂಥ ನಿಂತ ನೀರೇ ಬೇಕು. 2016ರ ಜನವರಿಯಲ್ಲಿ ಎಲ್ ಸಾಲ್ವಡಾರ್ ದೇಶದ ಸರ್ಕಾರ 2018ರವರೆಗೆ ಬಸುರಾಗಬೇಡಿ ಎಂದು ಹೆಂಗಸರಿಗೆ ಸಲಹೆ ಕೊಟ್ಟಿತು. ಯಾವ ಕಾರಣಕ್ಕೂ ಗರ್ಭಪಾತಕ್ಕೆ ಅವಕಾಶವಿಲ್ಲದ ದೇಶ ಅದು. ನೀರು ಕೊಡಬೇಕಾದವರು, ಚರಂಡಿ ಕಟ್ಟಬೇಕಾದವರು ಹೆಂಗಸರ ಗರ್ಭಕ್ಕೆ ಎರಡು ವರ್ಷ ಬೀಗ ಹಾಕಿಕೊಳ್ಳಿ ಎಂದರು. ಅದನ್ನು ಓದಿದಾಗ ನಗು ಬಂತು. ಆಮೇಲೆ ಗ್ರಹಣದ ಫೋನು ನೆನಪಾಯಿತು.

ಇದು ಯಾವುದೋ ದೂರದ ಕಥೆಯೂ ಅಲ್ಲ. ಕೇರಳದಲ್ಲಿ 2021ರಲ್ಲಿ ಮೊದಲು ಝಿಕಾ ಪತ್ತೆಯಾದದ್ದು ಒಬ್ಬ ಗರ್ಭಿಣಿಯಲ್ಲಿ. 2022ರ ಡಿಸೆಂಬರಿನಲ್ಲಿ ನಮ್ಮದೇ ರಾಯಚೂರು ಜಿಲ್ಲೆಯ ಐದು ವರ್ಷದ ಹುಡುಗಿಗೆ ಬಂದಿತ್ತು. ಅವಳು ಯಾವ ವಿಮಾನವನ್ನೂ ಹತ್ತಿರಲಿಲ್ಲ.

ದಸರಾ ರಜೆಗೆ ಊರಿಗೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹಿತ್ತಲಲ್ಲಿ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: ‘ನೀ ಹೊಟ್ಟ್ಯಾಗ ಇದ್ದಾಗ ನನಗ ಮಲೇರಿಯಾ ಬಂದಿತ್ತು. ಯಾರನ್ನ ಬೈಲಿ? ಸೊಳ್ಳಿ ನನ್ನ ಕೇಳಿ ಕಡೀತೇನು?’ ಗ್ರಹಣಕ್ಕೆ ಹೆದರುವ ಅವ್ವ ಸೊಳ್ಳೆಯ ವಿಷಯದಲ್ಲಿ ನನಗಿಂತ ದೊಡ್ಡ ತತ್ವಜ್ಞಾನಿಯಾಗಿದ್ದಳು.

ಮರುದಿನ ಆಶಾ ಕಾರ್ಯಕರ್ತೆ ಲಾರ್ವಾ ನೋಡಲು ಬಂದರು. ಟಾರ್ಚು ಹಿಡಿದು ನಮ್ಮ ಡ್ರಮ್ಮುಗಳೊಳಗೆ ಬಗ್ಗಿ ನೋಡಿದರು. ಒಂದರಲ್ಲಿ ಸಣ್ಣ ಹುಳುಗಳು ಕುಣಿಯುತ್ತಿದ್ದವು. ಅವ್ವ, ‘ಎಂಟು ದಿನಕ್ಕೊಮ್ಮಿ ನೀರು ಬಿಡ್ತಾರ. ಇದನ್ನ ಚೆಲ್ಲಿದ್ರ ನಾಳಿ ಏನ್ ಬಳಸ್ಲಿ ಹೇಳವ್ವಾ?’ ಅಂದಳು. ಆಕೆ, ‘ಎಲ್ಲಾ ಮನ್ಯಾಗೂ ಇದೇ ಮಾತ್ರೀ ಅಮ್ಮಾ. ಇನ್ನೊಂದಕ್ಕ ಸೋಸಿ ಹಾಕ್ರಿ, ಇದನ್ನ ತಿಕ್ಕಿ ಒಣಗಿಸ್ರಿ, ಮ್ಯಾಲ ಬಟ್ಟಿ ಬಿಗಿದು ಕಟ್ರಿ’ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದು ಪಕ್ಕದ ಮನೆಗೆ ಹೋದರು. ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಅದಕ್ಕೇ ತಿಕ್ಕಬೇಕು. ನಾನೂ ಅವ್ವನೂ ಸೇರಿ ಮೂರು ಡ್ರಮ್ಮು ತಿಕ್ಕಿದೆವು. ತಿಂಗಳಿಂದ ನಾನು ಮಗುವಿಗಾಗಿ ಮಾಡಿದ ಮೊದಲ ಉಪಯೋಗದ ಕೆಲಸ ಅದು. ಫೋಟೋ ದೊಡ್ಡದು ಮಾಡಿ ನೋಡಿದ ರಾತ್ರಿಗಳಿಂದ ಯಾವ ಸೊಳ್ಳೆಯೂ ಸತ್ತಿರಲಿಲ್ಲ.

ಹಾಗಾದರೆ ನನ್ನದು ಏನೂ ತಪ್ಪಿಲ್ಲವೇ? ಇದೆ. ಒಂದು ಪ್ಯಾರಾ ಪೂರ್ತಿ ಓದಲಿಲ್ಲ, ಬಂದ ಮೇಲೆ ಜಾಗ್ರತೆ ಮಾಡಲಿಲ್ಲ. ಅದು ಒಂದು ಪ್ಯಾರಾದಷ್ಟು ದೊಡ್ಡ ತಪ್ಪು. ಚಿಂತೆ ಮಾಡುವ ಅನ್ಯಾಯ ಏನೆಂದರೆ, ತಪ್ಪನ್ನು ಅದರ ಅಳತೆಯಲ್ಲಿ ಇರಲು ಬಿಡುವುದಿಲ್ಲ. ಮುಂದೆ ಆಗಬಹುದಾದ ಕೇಡಿನ ಅಳತೆಗೆ ಹಿಂದಿನ ತಪ್ಪನ್ನು ಹಿಗ್ಗಿಸುತ್ತದೆ. ಮಗು ಚೆನ್ನಾಗಿ ಹುಟ್ಟಿದರೆ ಅದೇ ಪ್ಯಾರಾ ಒಂದು ತಮಾಷೆಯ ಕಥೆ, ಇಲ್ಲದಿದ್ದರೆ ಜೀವಮಾನದ ಪಾಪ. ಮಾಡಿದ್ದು ಎರಡರಲ್ಲೂ ಒಂದೇ.

ವೈದ್ಯರು ವಾರಗಳನ್ನು ಹಿಂದಕ್ಕೆ ಎಣಿಸುತ್ತಾರೆ, ಅವರ ಕೆಲಸಕ್ಕೆ ಅದು ಬೇಕು. ನಾನು ಮಾಡಿದ ತಪ್ಪೆಂದರೆ ಹೊಣೆಯನ್ನೂ ಅದೇ ಪಂಚಾಂಗದಲ್ಲಿ ಎಣಿಸಿದ್ದು. ರೆಸಿಫೆಯ ನದಿ ದಡದಲ್ಲಿ ಕೂತಿದ್ದವಳು ಫೈಲಿನ ಪ್ರಕಾರ ಒಂದನೇ ವಾರದ ಗರ್ಭಿಣಿ. ನಿಜದಲ್ಲಿ ಅವಳು ತನ್ನ ಪ್ರಬಂಧ ಚೆನ್ನಾಗಿ ಆಯಿತೆಂದು ಖುಷಿಯಲ್ಲಿದ್ದ ಒಬ್ಬ ವಿದ್ಯಾರ್ಥಿನಿ. ಅವಳ ಮಡಿಲಲ್ಲಿ ಆಗ ಇಲ್ಲದ ಮಗುವನ್ನು ಇಟ್ಟು, ಯಾಕೆ ಕಾಪಾಡಲಿಲ್ಲ ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿನಿ ಮಾಡಬಾರದ ಕೆಲಸ. ಆ ಕಾಲದವರಿಗೆ ಏನು ಗೊತ್ತಿತ್ತು ಎಂಬುದನ್ನು ಬಿಟ್ಟು ತೀರ್ಪು ಕೊಡಬೇಡಿ ಎಂದು ನಮಗೆ ಮೊದಲ ವರ್ಷವೇ ಕಲಿಸುತ್ತಾರೆ.

ಮೊನ್ನೆ ಐದನೇ ತಿಂಗಳ ಸ್ಕ್ಯಾನ್ ಆಯಿತು. ಡಾಕ್ಟರ್ ತಲೆಯ ಸುತ್ತಳತೆ ಎರಡು ಸಲ ತೆಗೆದು, ‘ಸದ್ಯಕ್ಕೆ ಎಲ್ಲ ಸರಿ ಇದೆ’ ಅಂದರು. ಕೆಲವು ತೊಂದರೆ ತಡವಾಗಿ ಕಾಣಿಸಬಹುದು, ಇನ್ನೂ ಎರಡು ಸ್ಕ್ಯಾನ್ ಮಾಡೋಣ ಎಂದೂ ಹೇಳಿದರು. ಮೊದಲಾಗಿದ್ದರೆ ‘ಸದ್ಯಕ್ಕೆ’ ಎನ್ನುವ ಪದ ಹಿಡಿದು ರಾತ್ರಿಯಿಡೀ ಕೂರುತ್ತಿದ್ದೆ. ಈಗಲೂ ಸ್ವಲ್ಪ ಹೊತ್ತು ಕೂತೆ. ಭಯ ಹೋಗಿಲ್ಲ, ಹೋಗುತ್ತದೆ ಅಂತಲೂ ಅನ್ನಿಸುವುದಿಲ್ಲ. ಆದರೆ ಭಯ ಬೇರೆ, ಆರೋಪ ಬೇರೆ ಎಂದು ಗೊತ್ತಾದ ಮೇಲೆ ಭಯದ ಜೊತೆ ಇರಬಹುದು ಅನ್ನಿಸಿದೆ.

ನನ್ನ ಡೈರಿಯಲ್ಲಿ ಈಗ ಎರಡು ಲೆಕ್ಕಗಳಿವೆ. ಒಂದು ಜುಲೈ 30ರಿಂದ ಶುರುವಾಗುವ ಡಾಕ್ಟರ ಲೆಕ್ಕ. ಇನ್ನೊಂದು ಸೆಪ್ಟೆಂಬರ್ 2ರಿಂದ, ಬಚ್ಚಲುಮನೆಯಲ್ಲಿ ಆ ಸಣ್ಣ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದ ಬೆಳಿಗ್ಗೆಯಿಂದ. ನನಗೆ ಗೊತ್ತಾದ ದಿನ, ನಾನು ಉತ್ತರ ಕೊಡಬೇಕಾದ ದಿನ ಶುರುವಾದದ್ದು ಅದು. ಇವತ್ತಿಗೆ ಡಾಕ್ಟರ ಲೆಕ್ಕದಲ್ಲಿ 21 ವಾರ. ನನ್ನ ಲೆಕ್ಕದಲ್ಲಿ 16.